ಪ್ರಯೋಗಾಲಯದಿಂದ ಕಂಪನಿ ಹುಟ್ಟುವ ಬಗೆ

ಪ್ರಶ್ನೆ: ವಿಶ್ವವಿದ್ಯಾಲಯದ ಸಂಶೋಧನೆಯೇ ಕಂಪನಿಯಾಗುತ್ತದಂತೆ. ಅದು ಹೇಗೆ? ಲಾಭ ಯಾರಿಗೆ?

ಉತ್ತರ: ಆಕ್ಸ್‌ಫರ್ಡ್‌ನ ಮಾರ್ಟಿನ್ ವುಡ್ ಅವರನ್ನೇ ನೋಡಿ. ಕ್ಲಾರೆಂಡನ್ ಪ್ರಯೋಗಾಲಯದಲ್ಲಿ ಎಂಜಿನಿಯರ್ ಆಗಿದ್ದ ಅವರು ಭೌತವಿಜ್ಞಾನಿಗಳಿಗೆ ಬಲವಾದ ಅಯಸ್ಕಾಂತಗಳನ್ನು ಕಟ್ಟಿಕೊಡುತ್ತಿದ್ದರು. 1959ರಲ್ಲಿ ಪತ್ನಿ ಆಡ್ರೆ ಜೊತೆ ಆಕ್ಸ್‌ಫರ್ಡ್ ಇನ್‌ಸ್ಟ್ರುಮೆಂಟ್ಸ್ ಶುರುಮಾಡಿದರು. ಮನೆಯ ಹಿತ್ತಲಿನ ಶೆಡ್ಡೇ ಮೊದಲ ಕಾರ್ಖಾನೆ. ಮುಂದೆ ಅವರು ದ್ರವ ಹೀಲಿಯಂನಲ್ಲಿ, ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ, ತಣಿಸಿದ ಸೂಪರ್‌ಕಂಡಕ್ಟರ್ ತಂತಿಯ ಸುರುಳಿಗಳನ್ನು ಮಾಡತೊಡಗಿದರು. ಅಷ್ಟು ಚಳಿಯಲ್ಲಿ ಆ ತಂತಿ ವಿದ್ಯುತ್ತನ್ನು ಸ್ವಲ್ಪವೂ ತಡೆಯುವುದಿಲ್ಲ. ಕಾಯದೆ ಭಾರಿ ಕರೆಂಟ್ ಹರಿಯುತ್ತದೆ, ಕಾಂತಕ್ಷೇತ್ರ ಬಲವಾಗುತ್ತದೆ. ಇಂದು ಎಂಆರ್‌ಐ ಯಂತ್ರದೊಳಗೆ ನಮ್ಮನ್ನು ಸುತ್ತುವರಿಯುವುದು ಇಂಥದೇ ಸುರುಳಿ. ಇಡೀ ದೇಹ ಹಿಡಿಸುವ ಅಯಸ್ಕಾಂತಗಳನ್ನು ಮೊದಮೊದಲು ಮಾಡಿದವರಲ್ಲಿ ಈ ಕಂಪನಿಯೂ ಸೇರಿದೆ.

ಈಗ ಸಾಮಾನ್ಯವಾಗಿ ಪೇಟೆಂಟ್ ವಿಶ್ವವಿದ್ಯಾಲಯದ ಹೆಸರಿನಲ್ಲಿರುತ್ತದೆ. ಅದು ಕಂಪನಿಗೆ ಪರವಾನಗಿ ಕೊಟ್ಟು, ಬದಲಿಗೆ ಷೇರು ಅಥವಾ ರಾಯಲ್ಟಿ ಪಡೆಯುತ್ತದೆ. ಎಷ್ಟು ಎಂಬುದರಲ್ಲೇ ಜಗ್ಗಾಟ. ತುಂಬ ಕೇಳಿದರೆ ಹೂಡಿಕೆದಾರರು ಹಿಂಜರಿಯುತ್ತಾರೆ. ಯಂತ್ರವೊಂದು ಮಾರುಕಟ್ಟೆ ತಲುಪಲು ವರ್ಷಗಟ್ಟಲೆ ದುಡಿಯಬೇಕು; ಹಾಗೆ ದುಡಿಯುವವರಿಗೇ ದೊಡ್ಡ ಪಾಲು ಸಿಗಬೇಕೆಂದು ನಾನು ದೃಢವಾಗಿ ನಂಬುತ್ತೇನೆ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದಲೂ ಇಂಥ ಕಂಪನಿಗಳು ಹೊರಬಂದಿವೆ. ಅವುಗಳಲ್ಲೊಂದಾದ ಪಾತ್‌ಶೋಧ್, ಮಧುಮೇಹದ ಮೇಲೆ ಕಣ್ಣಿಡಲು ಅಂಗೈಯಲ್ಲಿ ಹಿಡಿಸುವ ರಕ್ತಪರೀಕ್ಷಾ ಸಾಧನವನ್ನು ರೂಪಿಸಿದೆ.