‘ಸ್ವಲೀನತೆ’ ಎಂಬ ಪದದ ವಿಚಾರ

ಆಟಿಸಂ ಎಂಬ ವೈದ್ಯಶಾಸ್ತ್ರದ ಶಬ್ದಕ್ಕೆ ಕನ್ನಡದಲ್ಲಿ ‘ಸ್ವಲೀನತೆ’ ಎಂಬ ಪದವು ಬಳಕೆಗೆ ಬಂದಿದೆ. ಗ್ರೀಕಿನ ‘ಔಟೋಸ್’ ಎಂದರೆ ತಾನು. ಅದಕ್ಕೆ ‘ಸ್ವ’ ಎಂಬುದು ತಕ್ಕ ಪ್ರತಿಪದವೇ ಸರಿ. ಆದರೆ ‘ಲೀನ’ ಎಂಬುದು ನಮ್ಮ ಕಿವಿಗೆ ಯೋಗಿಗಳ ಲಯವನ್ನು ನೆನಪಿಗೆ ತರುತ್ತದೆ. ಮಗುವು ಲೋಕಕ್ಕೆ ವಿಮುಖವಾಗಿ ಒಳಸರಿದಿದೆಯೆಂಬ ಭಾವನೆಯನ್ನು ಹುಟ್ಟಿಸುತ್ತದೆ. ಈ ದೋಷಕ್ಕೆ ಭಾಷಾಂತರಕಾರರು ಹೊಣೆಯಲ್ಲ. ಅದು ಮೂಲಶಬ್ದದಲ್ಲಿಯೇ ಇದ್ದುದು.

ಸ್ವಿಟ್ಸರ್ಲೆಂಡಿನ ಬ್ಲಾಯ್ಲರನು 1911ರ ಸುಮಾರಿನಲ್ಲಿ ಈ ಶಬ್ದವನ್ನು ಕಟ್ಟಿದುದು ಸ್ಕಿಜೋಫ್ರೇನಿಯಾ ರೋಗಿಗಳ ಒಂದು ಲಕ್ಷಣಕ್ಕಾಗಿ: ಹೊರಲೋಕವನ್ನು ಬಿಟ್ಟು ತಮ್ಮ ಕಲ್ಪನೆಯಲ್ಲಿ ಮುಳುಗುವುದು. 1943ರಲ್ಲಿ ಬಾಲ್ಟಿಮೋರಿನ ಲಿಯೋ ಕ್ಯಾನರನು 11 ಮಂದಿ ಮಕ್ಕಳನ್ನು ವರ್ಣಿಸುವಾಗ ಅದನ್ನೇ ಎತ್ತಿಕೊಂಡನು. ಇವರು ಮೊದಲಿದ್ದ ಸಂಪರ್ಕವನ್ನು ಬಿಟ್ಟು ಸರಿದವರಲ್ಲ, ಆರಂಭದಿಂದಲೂ ಹೀಗಿರುವವರು ಎಂದು ಅವನೇ ಸ್ಪಷ್ಟವಾಗಿ ಬರೆದನು. ಹೆಸರು ಮಾತ್ರ ಹಳೆಯದೇ ಉಳಿಯಿತು.

ಹೆಸರಿನೊಡನೆ ಅರ್ಥವೂ ಬಂದಿತು. ಮಗು ಒಳಸರಿದಿದೆಯೆಂದ ಮೇಲೆ ಸರಿಯುವಂತೆ ಮಾಡಿದವರು ಯಾರೆಂಬ ಪ್ರಶ್ನೆ ಏಳದಿರುವುದೆ? ತಂದೆತಾಯಿಗಳ, ಅದರಲ್ಲಿಯೂ ತಾಯಿಯ, ಮಮತೆಯ ಅಭಾವವೇ ಕಾರಣವೆಂದು ಹೇಳಿದರು. ಬೆಟಲ್‌ಹೈಮನು 1967ರಲ್ಲಿ ಇದನ್ನು ಗ್ರಂಥವಾಗಿಯೇ ವಿಸ್ತರಿಸಿದನು. 1968ರ ಅಮೆರಿಕದ ರೋಗವರ್ಗೀಕರಣದಲ್ಲಿ ಈ ಮಕ್ಕಳಿಗೆ ಪ್ರತ್ಯೇಕ ಸ್ಥಾನವೇ ಇರಲಿಲ್ಲ. ಬಾಲ್ಯದ ಸ್ಕಿಜೋಫ್ರೇನಿಯಾದಲ್ಲಿ ಅವರನ್ನು ಸೇರಿಸಿದ್ದರು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್, ಮೈಕೇಲ್ ರಟ್ಟರ್ ಇವರು 21 ಜೋಡಿ ಅವಳಿಮಕ್ಕಳನ್ನು ಪರೀಕ್ಷಿಸಿದರು. ಏಕರೂಪದ 11 ಜೋಡಿಗಳ ಪೈಕಿ 4ರಲ್ಲಿ ಇಬ್ಬರಿಗೂ ಈ ಸ್ಥಿತಿಯಿದ್ದಿತು. ಭಿನ್ನರೂಪದ 10 ಜೋಡಿಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. ಹುಟ್ಟಿನ ಕಾರಣಗಳು ಪ್ರಬಲವೆಂಬುದು ಇದರಿಂದ ವ್ಯಕ್ತವಾಯಿತು. 1980ರ ವರ್ಗೀಕರಣದಲ್ಲಿ ಆಟಿಸಂ ಸ್ಕಿಜೋಫ್ರೇನಿಯಾದಿಂದ ಬೇರೆಯಾಯಿತು.

ಇಟಲಿಯ ಭಾಷೆಯಲ್ಲಿ ಮಲೇರಿಯ ಎಂದರೆ ಕೆಟ್ಟ ಗಾಳಿ. ಅದು ತಪ್ಪೆಂದು ಗೊತ್ತಾದ ಮೇಲೂ ಹೆಸರು ಉಳಿದಿದೆ. ಆದರೂ ಕನ್ನಡಿಗನಿಗೆ ಆ ಅರ್ಥ ಕೇಳಿಸದಾದುದರಿಂದ ಬಾಧೆಯಿಲ್ಲ. ಸ್ವಲೀನತೆಯ ವಿಷಯ ಹಾಗಲ್ಲ. ಕತ್ರಿಗುಪ್ಪೆಯ ಯಾವುದೋ ಮನೆಯಲ್ಲಿ ಕನ್ನಡದ ಕರಪತ್ರವನ್ನು ಓದುವ ಅಜ್ಜಿಗೆ ಈ ಪದವು ನಿಘಂಟಿಲ್ಲದೆ ತಿಳಿಯುತ್ತದೆ, ತಪ್ಪಾಗಿ ತಿಳಿಯುತ್ತದೆ. ಪಶ್ಚಿಮದವರು ಕೈಬಿಟ್ಟ ಅಪವಾದವು ಮರಳಿ ಸೊಸೆಯ ತಲೆಯ ಮೇಲೆ ಬೀಳುತ್ತದೆ. ಆದುದರಿಂದ ‘ಆಟಿಸಂ’ ಎಂಬುದನ್ನೇ ಉಳಿಸಿಕೊಳ್ಳುವುದು ಮೇಲೆಂದು ನಮ್ಮ ಅಭಿಪ್ರಾಯ.

ಕಾನೂನಿನಲ್ಲಿ ಹೆಸರೇ ಇಲ್ಲದಿದ್ದ ಕಾಲವೂ ಉಂಟು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಸಂಸ್ಥೆಯು ರೂಪುಗೊಂಡುದು 1974ರಲ್ಲಿ. ಅದಾಗಿ 21 ವರ್ಷಗಳ ಮೇಲೆ ಹೊರಟ 1995ರ ಅಂಗವಿಕಲರ ಅಧಿನಿಯಮದ ಪಟ್ಟಿಯಲ್ಲಿ ಬುದ್ಧಿಮಾಂದ್ಯವಿದ್ದಿತು, ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮವು ಅದನ್ನು ಹೆಸರಿಸಿತು. ಪ್ರಮಾಣಪತ್ರಕ್ಕಾಗಿ 40 ಅಂಶಗಳ ಭಾರತೀಯ ಮಾಪನವನ್ನು ಸರ್ಕಾರವು ಗೊತ್ತುಮಾಡಿದುದೂ, ಅಂಗವಿಕಲರ ಹಕ್ಕುಗಳ ಅಧಿನಿಯಮದಲ್ಲಿ ಆಟಿಸಂ ಸೇರಿದುದೂ 2016ರಲ್ಲಿ.