ಬೀಗ ಹಾಕಿದ ಪಾತ್ರಗಳು

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವರಿಗೆ ಚೌಕಾಬಾರ ಗೊತ್ತಿರಬೇಕು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬುದು ಆ ಆಟದ ರೂಢಿಯ ನಿಯಮ. ಒಳಮನೆಗಳು ಕಣ್ಣೆದುರಿಗೇ ಇವೆ; ಬೀಗ ಮಾತ್ರ ನಿಯಮದ್ದು.

1998ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ಕಾಳಗದ ಆಟ ‘ಟೆಕ್ಕನ್ 3’ರಲ್ಲೂ ಹೀಗೆಯೇ. ಮೊದಲಿಗೆ ಸಿಗುವುದು 10 ಪಾತ್ರಗಳು. ಒಂದನ್ನು ಆಯ್ದು ಕಂಪ್ಯೂಟರಿನ ಎದುರಾಳಿಗಳನ್ನೆಲ್ಲ ಸೋಲಿಸಿದರೆ ಹೊಸದೊಂದು ತೆರೆದುಕೊಳ್ಳುತ್ತದೆ. ಮುಂದಿನದಕ್ಕೆ ಬೇರೆ ಪಾತ್ರದಿಂದ ಮತ್ತೆ ಆಡಬೇಕು. ಒಂಟಿಯಾಗಿ ಆಡುವವನಿಗೆ ಕಂಪ್ಯೂಟರಿನ ಪಟ್ಟುಗಳು ಬೇಗ ಊಹೆಗೆ ಸಿಕ್ಕಿ ಬೇಸರವಾಗುತ್ತದೆ. ಆಟವನ್ನು ಹಳತಾಗದಂತೆ ಕಾಯುವುದು ಈ ಬೀಗವೇ.

ಸ್ವಾರಸ್ಯವೆಂದರೆ, ಹೊಸ ಪಾತ್ರದ ಚಿತ್ರ, ಚಲನೆಗಳು ಸಿ.ಡಿ.ಯಲ್ಲಿ ಮೊದಲೇ ಇರುತ್ತವೆ! ಮೆಮೊರಿ ಕಾರ್ಡಿನಲ್ಲಿ ಉಳಿಯಬೇಕಾದದ್ದು ‘ತೆರೆದಿದೆ’ ಎಂಬ ಗುರುತಷ್ಟೆ. ತಾತ್ವಿಕವಾಗಿ ಅದಕ್ಕೆ ಒಂದು ಬಿಟ್, ಅಂದರೆ 0 ಅಥವಾ 1, ಸಾಕು.

2012ರ ‘ಸ್ಟ್ರೀಟ್ ಫೈಟರ್ ಕ್ರಾಸ್ ಟೆಕ್ಕನ್’ನಲ್ಲಿ ಡಿಸ್ಕಿನಲ್ಲೇ ಇದ್ದ 12 ಪಾತ್ರಗಳ ಬೀಗ ತೆರೆಯಲು ಪ್ರತ್ಯೇಕ ಹಣ ಕೇಳಿದಾಗ ಆಟಗಾರರು ಸಿಟ್ಟಾದದ್ದು ಏಕೆಂದು ಈಗ ನೀವೇ ಊಹಿಸಬಲ್ಲಿರಿ.