ಫಿಲ್ಟರ್ ಬೇರೆ, ಜಾಮರ್ ಬೇರೆ

"ಪತ್ರಿಕೆಯವರೇ ದಿನಾ ಎಷ್ಟೋ ಸುದ್ದಿ ಬಿಡ್ತಾರೆ. ಸರ್ಕಾರ ಬಿಡಿಸಿದ್ರೆ ಮಾತ್ರ ಯಾಕೆ ಸೆನ್ಸಾರ್ ಅಂತ ಕೂಗಬೇಕು?" ಹಾಸ್ಟೆಲ್ ಚರ್ಚೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತೆ. ಪ್ರಶ್ನೆ ಸರಿಯಾಗೇ ಇದೆ. ಯಾವುದನ್ನು ಬಿಡಬೇಕು ಅಂತ ನಿರ್ಧರಿಸೋದು ಪತ್ರಕರ್ತರ ಕೆಲಸವೇ. ಆದರೆ ಯಾರು ಬಿಟ್ಟರು, ಯಾಕೆ ಬಿಟ್ಟರು ಅನ್ನೋದನ್ನು ನೋಡಬೇಕು.

ನಮ್ಮ ಜಿಲ್ಲೆಯನ್ನೇ ತಗೊಳ್ಳಿ. 2022ರ ಜುಲೈನಲ್ಲಿ ಬಾದಾಮಿ ತಾಲೂಕಿನ ಕೆರೂರಿನಲ್ಲಿ ಗುಂಪು ಘರ್ಷಣೆಯಾಗಿ ನಿಷೇಧಾಜ್ಞೆ ಹಾಕಿದ್ದರು. ಇಂಥ ಹೊತ್ತಲ್ಲಿ ಬಾಗಲಕೋಟೆಯ ವರದಿಗಾರ ಆಸ್ಪತ್ರೆ, ಪೊಲೀಸರು, ಕಣ್ಣಾರೆ ಕಂಡವರು, ಎಲ್ಲರನ್ನೂ ಕೇಳಿ, ಖಾತ್ರಿಯಾಗದ ಮಾತನ್ನು ಬಿಟ್ಟರೆ ಅದು ನಾವು ಲ್ಯಾಬ್‌ನಲ್ಲಿ ಕಟ್ಟೋ ಫಿಲ್ಟರ್ ಥರ. ನಾಯ್ಸ್ ಹೋಗುತ್ತೆ, ಸಿಗ್ನಲ್ ಉಳಿಯುತ್ತೆ. ಖಾತ್ರಿಯಾದ ಸುದ್ದಿಯನ್ನೇ "ಹಾಕಬೇಡಿ" ಅಂತ ಮೇಲಿನವರು ತಡೆದರೆ ಅದು ಜಾಮರ್. ಸಿಗ್ನಲ್ಲೇ ಸಾಯುತ್ತೆ.

ಎರಡನ್ನೂ ಗುರುತಿಸೋಕೆ ಒಂದು ಸುಲಭದ ಪರೀಕ್ಷೆ ಇದೆ: ಬಿಟ್ಟ ಕಾರಣವನ್ನು ಓದುಗರಿಗೆ ಹೇಳಬಹುದಾ? "ಇನ್ನೂ ದೃಢಪಟ್ಟಿಲ್ಲ" ಅಂತ ಧೈರ್ಯವಾಗಿ ಅಚ್ಚು ಹಾಕಬಹುದು. ಅತ್ಯಾಚಾರ ಸಂತ್ರಸ್ತೆಯ ಹೆಸರು ಯಾಕೆ ಹಾಕಿಲ್ಲ ಅಂತಲೂ ಹೇಳಬಹುದು. "ಸಾಹೇಬರಿಗೆ ಸಿಟ್ಟು ಬರುತ್ತೆ" ಅಂತ ಯಾರೂ ಬರೆಯಲ್ಲ.

ತುರ್ತು ಪರಿಸ್ಥಿತಿ ಇದನ್ನು ಚೆನ್ನಾಗಿ ತೋರಿಸಿತು. 1975ರ ಜೂನ್ 28ರಂದು ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತು. ಆಮೇಲೆ ಹಾಗೆ ಖಾಲಿ ಬಿಡೋದನ್ನೂ ಸೆನ್ಸಾರ್‌ನವರು ತಡೆದರು. ಅಂದರೆ ಸೆನ್ಸಾರ್ ಆಗಿದೆ ಅನ್ನೋದೂ ಓದುಗರಿಗೆ ಗೊತ್ತಾಗಬಾರದು. ಪತ್ರಿಕಾ ಸ್ವಾತಂತ್ರ್ಯದ ಜೊತೆಗೆ ಪತ್ರಿಕೆಗಳ ಗುಣಮಟ್ಟವನ್ನೂ ಕಾಯಲಿ ಅಂತ 1966ರಲ್ಲಿ ಶುರುವಾಗಿದ್ದ ಪ್ರೆಸ್ ಕೌನ್ಸಿಲ್ ಕೂಡ ಅದೇ ಅವಧಿಯಲ್ಲಿ ರದ್ದಾಯಿತು. ಅದು ಮತ್ತೆ ಹುಟ್ಟಿದ್ದು 1978ರ ಹೊಸ ಕಾಯ್ದೆಯಿಂದ. "ಪತ್ರಿಕೆಗಳಿಗೆ ಶಿಸ್ತು ಕಲಿಸೋಕೆ ಸೆನ್ಸಾರ್ ಬೇಕು" ಅನ್ನೋರು ಈ ಮಾತನ್ನು ನೆನಪಿಡಬೇಕು. ಕೊನೇ ಪ್ರತಿಯನ್ನು ಬೇರೆ ಯಾರೋ ನಿರ್ಧರಿಸ್ತಾರೆ ಅಂದಮೇಲೆ ವರದಿಗಾರ ನಾಲ್ಕು ಕಡೆ ಓಡಾಡಿ ಯಾಕೆ ಪರಿಶೀಲಿಸಬೇಕು? ಆ ಅಭ್ಯಾಸವೇ ತಪ್ಪಿಹೋಗುತ್ತೆ.

ಈಗ ಸೆನ್ಸಾರ್ ಅಧಿಕಾರಿ ಎದುರಿಗೆ ಕೂತಿರಲ್ಲ. ಇಳಕಲ್, ಹುನಗುಂದದಂಥ ಊರಲ್ಲಿ ಬರೆಯುವವನೂ, ಯಾರ ಬಗ್ಗೆ ಬರೀತಾನೋ ಅವನೂ ಒಂದೇ ಬಜಾರಲ್ಲಿ ಎದುರಾಗ್ತಾರೆ. ಪತ್ರಿಕೆಗೆ ಜಾಹೀರಾತು ಕೊಡೋನೂ ಅವನೇ ಇರಬಹುದು. ಆಗ ಯಾರೂ ಹೇಳದೆ ಸುದ್ದಿ ತಾನಾಗೇ ಬಿದ್ದುಹೋಗುತ್ತೆ. ಅದಕ್ಕೆ "ನಾವು ನಿಷ್ಪಕ್ಷಪಾತಿಗಳು" ಅನ್ನೋ ಹೆಸರು ಬೇರೆ. ಸೆನ್ಸಾರ್ ವೃತ್ತಿಪರತೆಯ ಅಂಗಿ ಹಾಕ್ಕೊಂಡು ಬರೋದು ಹೀಗೆ.

ಸುದ್ದಿ ಮಾತ್ರ ನಿಲ್ಲಲ್ಲ. ಪತ್ರಿಕೆ ಸುಮ್ಮನಾದ ಕಡೆ ಫಾರ್ವರ್ಡ್ ಮಾತಾಡುತ್ತೆ. ಫಾರ್ವರ್ಡ್‌ಗೆ ಹೆಸರಿಲ್ಲ, ತಿದ್ದುಪಡಿ ಇಲ್ಲ, ಹೊಣೆಯೂ ಇಲ್ಲ. ಜಾಮರ್ ಹಾಕಿದರೆ ಕೊನೆಗೆ ಉಳಿಯೋದು ನಾಯ್ಸ್ ಒಂದೇ.